ಪೈಗಳು ಶೆಟ್ಟರ ಪಕ್ಕಕ್ಕೆ ಬಂದ ವರ್ಷ

ನನ್ನ ಜಾಗಕ್ಕೆ ಬಂದ ಶ್ವೇತಾ ಬೆಂಗಳೂರಿನವಳು. ಮೊದಲ ದಿನವೇ ಕೇಳಿದಳು, "ಮ್ಯಾಮ್, ಒಂದು ಹ್ಯಾಂಡೋವರ್ ನೋಟ್ ಬರ್ಕೊಟ್ಬಿಡಿ. ಒಂದು ಪೇಜ್ ಸಾಕು." ಬರೆದುಕೊಟ್ಟೆ. ಸಭಾಂಗಣದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಎಸಿ ಕೆಟ್ಟರೆ ಯಾರನ್ನು ಕರೆಯಬೇಕು, ಮೈಕಿನವನು ಫೋನ್ ಎತ್ತದಿದ್ದರೆ ಅವನ ಹೆಂಡತಿಯ ನಂಬರ್ ಯಾವುದು, ಎಲ್ಲವೂ ಒಂದು ಪುಟದಲ್ಲಿ ಮುಗಿಯಿತು. ಓದಿ ನೋಡಿ ಅವಳು, "ಇಷ್ಟೇನಾ ಕೆಲ್ಸ?" ಎಂದಳು. ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ವಿಮಾನ ನಿಲ್ದಾಣದ ಪಕ್ಕ, ಅರಾದಿನಲ್ಲಿರುವ ನಮ್ಮ ಮನೆಯ ಮೇಲೆ ಹಗಲಿಡೀ ವಿಮಾನಗಳು ಇಳಿಯುತ್ತಿರುತ್ತವೆ. ನಿವೃತ್ತಳಾದ ಮೇಲೆ ಅವುಗಳನ್ನು ನೋಡುವುದು ಬಿಟ್ಟರೆ ನನಗೆ ಬೇರೆ ಉದ್ಯೋಗವೂ ಇಲ್ಲ.

ಬಹರೈನಿನ ಕನ್ನಡಿಗರ ಸಂಘವೊಂದರಲ್ಲಿ ನಾನು ಸುಮಾರು ಇಪ್ಪತ್ತು ವರ್ಷ ಆಫೀಸ್ ಮ್ಯಾನೇಜರ್ ಆಗಿದ್ದೆ. ಮ್ಯಾನೇಜ್ ಮಾಡಲು ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಆದ್ದರಿಂದ ನನ್ನ ಮೇಲಿದ್ದವರನ್ನೇ ಮ್ಯಾನೇಜ್ ಮಾಡಿದೆ. ಸಂಘಕ್ಕೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಎರಡು ವರ್ಷಕ್ಕೊಮ್ಮೆ ಹೊಸ ಅಧ್ಯಕ್ಷರು, ಅಂದರೆ ಹೊಸ ಬಾಸ್. ಒಬ್ಬರು ಗೆದ್ದ ಮರುದಿನವೇ ವಿಸಿಟಿಂಗ್ ಕಾರ್ಡ್ ಮಾಡಿಸಿ ಮೊದಲನೆಯದನ್ನು ನನಗೇ ಕೊಟ್ಟರು. ಅವರಿಗೆ ಐದು ವರ್ಷದಿಂದ ಚಾ ಕೊಡುತ್ತಿದ್ದವಳು ನಾನು. ಇನ್ನೊಬ್ಬರು ದಿನಕ್ಕೆ ಮೂರು ಸಲ ಆಫೀಸಿಗೆ ಫೋನ್ ಮಾಡಿ, "ಏನಿಲ್ಲ, ಇದ್ದೀರಾ ಅಂತ ನೋಡಿದ್ದು" ಎಂದು ಇಡುತ್ತಿದ್ದರು. ಮತ್ತೊಬ್ಬರು ವೇದಿಕೆಯಲ್ಲಿ "ಎರಡೇ ಮಾತು" ಎಂದು ಶುರು ಮಾಡಿದರೆ ಅಡುಗೆಯವರು ಒಲೆ ಸಣ್ಣ ಮಾಡಿ ಹೊರಗೆ ಹೋಗಿ ಕೂರುತ್ತಿದ್ದರು. ಶ್ವೇತಾ, ಇವರೆಲ್ಲ ಒಳ್ಳೆಯವರೇ. ಮನೆಯಲ್ಲಿ ಅವರ ಮಾತು ಕೇಳುವವರು ಕಡಿಮೆ, ಅಷ್ಟೆ.

ನಾನು ಸೇರಿದಾಗ ಕಾರ್ಯಕ್ರಮ ಇದ್ದರೆ ಮನೆಮನೆಗೆ ಫೋನ್ ಮಾಡಬೇಕಿತ್ತು. ಹೀಗೆ ಫೋನ್ ಮಾಡುವಾಗ ಯಾರ ಅತ್ತೆ ಊರಿಂದ ಬಂದಿದ್ದಾರೆ, ಯಾರು ಕೆಲಸ ಬದಲಿಸುತ್ತಿದ್ದಾರೆ ಎಂಬುದೆಲ್ಲ ತಿಳಿಯುತ್ತಿತ್ತು. ಯಾರು ಬರುತ್ತಾರೆ, ಯಾರು "ಬರ್ತೇವೆ" ಎಂದು ಹೇಳಿ ಬರುವುದಿಲ್ಲ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ವಾಟ್ಸ್‌ಆ್ಯಪ್ ಬಂತು. ಈಗ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಆ ಹೆಬ್ಬೆರಳನ್ನು ನಂಬಿ ಅನ್ನ ಮಾಡಿಸಬೇಡ. ವಾಟ್ಸ್‌ಆ್ಯಪಿನ ಹೊಸದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. "ಅಧ್ಯಕ್ಷರ ಭಾಷಣದ ಬಳಿಕ ಊಟ" ಎಂದು ಬರೆಯಲು ಹೋದೆ. ಫೋನ್ ತಾನಾಗಿ ಸೂಚಿಸಿದ ಶಬ್ದವನ್ನು ಒತ್ತಿದ್ದರಿಂದ "ಅಧ್ಯಕ್ಷರ ಭಾಷಣದ ಬದಲು ಊಟ" ಎಂದು ಎಲ್ಲ ಸದಸ್ಯರಿಗೂ ಹೋಯಿತು. ಆ ಸಲ ಬಂದಷ್ಟು ಜನ ಸಂಘಕ್ಕೆ ಮತ್ತೆಂದೂ ಬರಲಿಲ್ಲ.

ಈಗ ಚುನಾವಣೆಯ ವಿಷಯಕ್ಕೆ ಬರುತ್ತೇನೆ. ಈ ಕೆಲಸದಲ್ಲಿ ನೀನು ಮುಖ್ಯವಾಗಿ ಕಲಿಯಬೇಕಾದದ್ದು ಅದೇ. ಮತ ಕೇಳಲು ಬಂದವರಿಗೆಲ್ಲ ಚಾ ಕೊಡಬೇಕು, ಯಾರಿಗೂ ಮಾತು ಕೊಡಬಾರದು. ನಮ್ಮ ನಿಯಮದ ಪ್ರಕಾರ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಕ್ಕೆ ಇಬ್ಬರು ಜೋಡಿಯಾಗಿ ನಿಲ್ಲಬೇಕು, ಗೆದ್ದರೆ ಇಬ್ಬರೂ ಗೆದ್ದ ಹಾಗೆ. ಒಮ್ಮೆ ಅಧ್ಯಕ್ಷರಾದವರು ಮುಂದಿನ ಸಲ ಆ ಸ್ಥಾನಕ್ಕೆ ನಿಲ್ಲುವಂತಿಲ್ಲ. ಕುರ್ಚಿ ಬಿಡಲು ಮನಸ್ಸಿಲ್ಲದವರು ಹಿಂದೆ ಯಾರೋ ಇದ್ದಿರಬೇಕು, ಇಲ್ಲದಿದ್ದರೆ ಇಂಥ ನಿಯಮ ಯಾಕೆ ಬರೆಯುತ್ತಿದ್ದರು?

ನಾನು ಹೇಳುವ ವರ್ಷಕ್ಕೆ ಎರಡು ವರ್ಷ ಮೊದಲು ಪೈಗಳು ಶೆಟ್ಟರನ್ನು ಸೋಲಿಸಿ ಅಧ್ಯಕ್ಷರಾಗಿದ್ದರು. ರಾಮನಾಥ ಪೈಗಳು ಮನಾಮಾದ ಒಂದು ಕಂಪನಿಯಲ್ಲಿ ಹಣಕಾಸಿನ ಮ್ಯಾನೇಜರ್. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮದುವೆಯ ಆಮಂತ್ರಣ ಕೊಟ್ಟರೂ ಮೊದಲು ಕಾಗುಣಿತ ತಿದ್ದಿ, ಆಮೇಲೆ ಅಭಿನಂದನೆ ಹೇಳುವವರು. ಜಗನ್ನಾಥ ಶೆಟ್ಟರಿಗೆ ಕಾರ್ಖಾನೆಗಳೇ ತುಂಬಿದ ಸಿತ್ರಾದಲ್ಲಿ ವಾಹನ ರಿಪೇರಿಯ ಗ್ಯಾರೇಜು. ಅವರು ಮೆಟ್ಟಿಲು ಹತ್ತುವಾಗಲೇ ಅವರ ಮಾತು ನನ್ನ ಮೇಜಿಗೆ ತಲುಪುತ್ತಿತ್ತು. ಪ್ರಚಾರದ ಸಮಯದಲ್ಲಿ ಶೆಟ್ಟರು ಪೈಗಳನ್ನು "ಎಸಿ ರೂಮಿನ ಕನ್ನಡಿಗ" ಎಂದರು. ಪೈಗಳು, ಶೆಟ್ಟರು ಗೆದ್ದರೆ "ಗ್ಯಾರೇಜ್ ಆಡಳಿತ" ಎಂದರು. ಎರಡೂ ಮಾತು ತಮಗೆ ಇಷ್ಟವಾದ್ದರಿಂದ ಜನ ಎರಡನ್ನೂ ಬಿಡಲಿಲ್ಲ.

ಸೋತ ಮೇಲೆ ಶೆಟ್ಟರು ಸಂಘದ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದರು. ಅವರ ಹಿಂದೆ ಸಿತ್ರಾದ ಕಾರ್ಮಿಕರ ಕ್ಯಾಂಪುಗಳಲ್ಲಿದ್ದ ನಮ್ಮ ಕರಾವಳಿಯ ಹುಡುಗರು, ವೆಲ್ಡರುಗಳು, ಫಿಟ್ಟರುಗಳು ಎಲ್ಲರೂ ದೂರವಾದರು. ದೀಪಾವಳಿ ಎರಡು ಕಡೆ ನಡೆಯಿತು. ಇಲ್ಲಿ ಕುರ್ಚಿ ಉಳಿದವು, ಅಲ್ಲಿ ಊಟ ಸಾಲಲಿಲ್ಲ. ಆ ಹುಡುಗರನ್ನೆಲ್ಲ ಒಟ್ಟುಗೂಡಿಸಿ ಇಟ್ಟವನು ಕರುಣಾಕರ. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್, ಶೆಟ್ಟರ ಬಲಗೈ. ಎಲ್ಲರಿಗೂ ಕರುಣಣ್ಣ. ಮಾತು ಕಡಿಮೆ. ಶೆಟ್ಟರು ಮಾತಾಡುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸುವುದು, ಮಾತಾಡಿ ಮುಗಿದ ಮೇಲೆ ಆ ಮಾತನ್ನು ಮಾಡಿ ತೋರಿಸುವುದು ಅವನ ಕೆಲಸ. "ಮುಂದಿನ ಸಲ ನಾನು ನಿಂತರೆ ಉಪಾಧ್ಯಕ್ಷ ನಮ್ಮ ಕರುಣಾಕರನೇ" ಎಂದು ಶೆಟ್ಟರು ಆ ದೀಪಾವಳಿಯ ಊಟದಲ್ಲಿ ಎಲ್ಲರ ಎದುರಿಗೆ ಹೇಳಿದ್ದರಂತೆ.

ಎಲ್ಲವೂ ಹೀಗೇ ತಮಾಷೆಯಾಗಿ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಸಿತ್ರಾದಲ್ಲಿ ನಮ್ಮ ಕಡೆಯ ಒಬ್ಬ ವೆಲ್ಡರ್ ನಿದ್ದೆಯಲ್ಲೇ ತೀರಿಕೊಂಡ. ಇಂಥ ಸಮಯದಲ್ಲಿ ಕಂಪನಿ, ಆಸ್ಪತ್ರೆ, ರಾಯಭಾರ ಕಚೇರಿ, ವಿಮಾನ, ಎಲ್ಲ ಕಡೆ ಓಡಾಡಿ ಶವವನ್ನು ಊರಿಗೆ ಕಳಿಸುವುದು ಸಂಘದ ಕೆಲಸ. ಹಿಂದೆಲ್ಲ ಅದಕ್ಕೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈ ಸಲ ಪೈಗಳ ಕಡೆಯವರು ಒಂದು ವಿಮಾನದಲ್ಲಿ ಜಾಗ ಮಾಡಿದರು, ಶೆಟ್ಟರ ಕಡೆಯವರು ಇನ್ನೊಂದರಲ್ಲಿ. ಕಂಪನಿಯವರಿಗೆ ಎರಡೂ ಕಡೆಯಿಂದ ಫೋನ್ ಹೋಯಿತು. "ನಿಮ್ಮಲ್ಲಿ ಸಂಘ ಯಾರದ್ದು, ಮೊದಲು ಅದನ್ನು ಹೇಳಿ" ಎಂದು ಅವರು ಕಾಗದ ಹಿಡಿದು ಕೂತರು. ಶವಾಗಾರದಲ್ಲಿ ಹೆಣ ಕಾಯಿತು, ಊರಿನಲ್ಲಿ ತಾಯಿ ಕಾದಳು.

ಸತ್ತವನ ತಮ್ಮ ಅದೇ ಕಂಪನಿಯಲ್ಲಿದ್ದ. ಅವನು ನನ್ನ ಆಫೀಸಿನಲ್ಲಿ ಬಂದು ಕೂತಿದ್ದ. ಅವತ್ತು ಬೇರೆ ದಾರಿಯಿಲ್ಲದೆ ಶೆಟ್ಟರೂ ಸಂಘಕ್ಕೆ ಬಂದಿದ್ದರು. ಒಳಗಿನ ಕೋಣೆಯಲ್ಲಿ ಪೈಗಳು ಫೋನಿನಲ್ಲಿದ್ದರು, ಹೊರಗೆ ಬಾಗಿಲಲ್ಲಿ ಶೆಟ್ಟರು ಫೋನಿನಲ್ಲಿದ್ದರು. ಆ ಹುಡುಗ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ ನನ್ನನ್ನು ಕೇಳಿದ, "ಅಕ್ಕ, ನಾನು ಯಾರ ಹತ್ರ ಕೇಳ್ಬೇಕು?"

ಸಣ್ಣ ದನಿಯಲ್ಲಿ ಕೇಳಿದ ಪ್ರಶ್ನೆ. ಆದರೂ ಎರಡೂ ಫೋನ್ ನಿಂತವು. ಕೊನೆಗೆ ಒಂದು ಟಿಕೇಟು ರದ್ದಾಗಿ ಹೆಣ ಊರಿಗೆ ಹೋಯಿತು, ಹೋಗಬೇಕಾದದ್ದಕ್ಕಿಂತ ತಡವಾಗಿ.

ಅದಾಗಿ ಸ್ವಲ್ಪ ಸಮಯದ ಮೇಲೆ ಚುನಾವಣೆ ಹತ್ತಿರ ಬಂತು. ಶೆಟ್ಟರು ನಿಲ್ಲುವುದು ಖಂಡಿತವಿತ್ತು. ಎದುರಿಗೆ ಹೊಸದಾಗಿ ಬಂದ ಕೆಲವು ಯುವಕರು ಒಂದು ಜೋಡಿಯನ್ನು ತಯಾರು ಮಾಡಿದ್ದರು. ಪೈಗಳ ಕಡೆಯವರು ಶೆಟ್ಟರ ಮೇಲಿನ ಸಿಟ್ಟಿಗೆ ಆ ಯುವಕರಿಗೆ ಮತ ಹಾಕುತ್ತಾರೆ ಎಂದು ಎಲ್ಲರ ಲೆಕ್ಕ. ಸೋತವರು ಬೇರೆಯೇ ಸಂಘ ಕಟ್ಟುವ ಮಾತೂ ಶುರುವಾಗಿತ್ತು. ಒಂದು ಮಧ್ಯಾಹ್ನ ಶೆಟ್ಟರು ಬಂದು ನನ್ನ ಮೇಜಿನ ಎದುರು ಕೂತರು. ಅವರ ದನಿ ಅವತ್ತು ಅವರಿಗಿಂತ ಮೊದಲು ಬರಲಿಲ್ಲ.

"ಸುಮತಿ, ಪೈಗಳು ನನ್ನ ಜೊತೆ ನಿಲ್ತಾರಾ ಅಂತ ಕೇಳಿ ನೋಡ್ಬೇಕಿತ್ತು."

"ಎಂತದಕ್ಕೆ?"

"ಉಪಾಧ್ಯಕ್ಷರಾಗಿ."

ನಾನು ಚಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ. "ನೀವೇ ಕೇಳಿ ಶೆಟ್ರೇ. ನಂಬರ್ ಉಂಟಲ್ಲ?"

"ಉಂಟು. ಅವರು ನನ್ನ ಫೋನ್ ತೆಗೀದಿದ್ರೆ ನನಗೆ ಬೇಜಾರಾಗ್ತದೆ. ನಿಮ್ಮ ಫೋನ್ ತೆಗೀದಿದ್ರೆ ಯಾರಿಗೂ ಬೇಜಾರಿಲ್ಲ."

ಮುಂದಿನ ಒಂದು ವಾರ ನಾನು ಅಂಚೆಯವಳಾದೆ. ಪೈಗಳು, "ಅವರು ನಿಜವಾಗಿ ಕೇಳಿದ್ದಾ, ಇಲ್ಲ ನನ್ನನ್ನು ಚೆಕ್ ಮಾಡ್ತಿದ್ದಾರಾ ಮೇಡಂ?" ಎಂದು ಕೇಳಿದರು. ಅದನ್ನು ಶೆಟ್ಟರಿಗೆ ಹೇಳಿದೆ. "ಗ್ಯಾರೇಜಿನವರು ಗಾಡಿ ಚೆಕ್ ಮಾಡುದು, ಮನುಷ್ಯರನ್ನಲ್ಲ ಅಂತ ಹೇಳಿ" ಎಂದರು. ಇದನ್ನು ನಾನು ಪೈಗಳಿಗೆ ತಲುಪಿಸಲಿಲ್ಲ. "ನಿಜವಾಗಿ ಕೇಳಿದ್ದು, ಬಹಳ ಗೌರವದಿಂದ ಕೇಳಿದ್ದು" ಎಂದು ಹೇಳಿದೆ. ಶ್ವೇತಾ, ಇಬ್ಬರ ಮಧ್ಯೆ ಮಾತು ಸಾಗಿಸುವಾಗ ಭಾರದ ಸಾಮಾನನ್ನು ದಾರಿಯಲ್ಲೇ ಇಳಿಸಿ ಹೋಗಬೇಕು.

ಕೊನೆಗೆ ನನ್ನ ಆಫೀಸಿನಲ್ಲೇ ಭೇಟಿ ಎಂದಾಯಿತು. ಶುಕ್ರವಾರ, ಕನ್ನಡ ತರಗತಿಯ ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಹೇಳಿದ ಹೊತ್ತಿಗೆ ಯಾರೂ ಬರಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ಶೆಟ್ಟರ ಪಿಕಪ್ ಒಂದು ಮೂಲೆಯಲ್ಲಿ, ಪೈಗಳ ಕಾರು ಇನ್ನೊಂದು ಮೂಲೆಯಲ್ಲಿ ನಿಂತಿವೆ. ಎರಡರ ಎಂಜಿನ್ನೂ ಓಡುತ್ತಿದೆ, ಎರಡರೊಳಗೂ ಎಸಿ. ಮೊದಲು ಹತ್ತಿ ಹೋದವರು ಕಾದವರಾಗುತ್ತಾರಲ್ಲ? ನಾನು ಬಿಸಿಲಿನಲ್ಲಿ ಕೆಳಗೆ ಇಳಿದೆ. ಯಾರ ಗಾಜು ಮೊದಲು ತಟ್ಟಿದರೂ ತಪ್ಪು. ಆದ್ದರಿಂದ ನಡುವೆ ನಿಂತು, ವಿಮಾನವನ್ನು ನಿಲ್ಲಿಸುವವರ ಹಾಗೆ ಎರಡು ಕೈಯಲ್ಲೂ ಕರೆದೆ. ಇಬ್ಬರೂ ಒಟ್ಟಿಗೆ ಇಳಿದರು.

ಮೇಲೆ ಕೂತ ಮೇಲೆ ಪೈಗಳೇ ಶುರು ಮಾಡಿದರು. "ನಾನು ಅಧ್ಯಕ್ಷನಾಗಿದ್ದವ ಶೆಟ್ರೇ. ಈಗ ನಿಮ್ಮ ಕೆಳಗೆ ವೈಸ್ ಪ್ರೆಸಿಡೆಂಟ್ ಅಂದ್ರೆ ಜನ ಎಂತ ಹೇಳ್ತಾರೆ?"

"ಜನ ಹೇಳ್ತಾರೆ. ನಾನು ಸೋತಾಗ ನನಗೂ ಹೇಳಿದ್ರು. ಕೇಳಿ ಕೇಳಿ ಅಭ್ಯಾಸ ಆಗ್ತದೆ."

"ಎಸಿ ರೂಮಿನ ಕನ್ನಡಿಗ ಅಂದದ್ದು ನೆನಪುಂಟಾ?"

"ಉಂಟು. ಈಗಲೂ ಅದೇ ಅಭಿಪ್ರಾಯ," ಎಂದರು ಶೆಟ್ಟರು. ನಾನು ತಲೆಯ ಮೇಲೆ ಕೈ ಇಟ್ಟುಕೊಳ್ಳುವುದೊಂದು ಬಾಕಿ. "ನನಗೆ ಎಸಿ ರೂಮಿನಲ್ಲಿ ಕೂತು ಕೆಲಸ ಮಾಡುವವರೇ ಬೇಕು ಪೈಗಳೇ. ಎಂಬಸಿಯಲ್ಲಿ ಮಾತಾಡ್ಲಿಕ್ಕೆ ನಿಮಗೆ ಬರ್ತದೆ, ಕ್ಯಾಂಪಿನಲ್ಲಿ ಮಾತಾಡ್ಲಿಕ್ಕೆ ನನಗೆ ಬರ್ತದೆ. ನಿಮ್ಮದು ನನಗೆ ಬರುದಿಲ್ಲ. ನನ್ನದು ನಿಮಗೆ ಬರುದಿಲ್ಲ."

"ನನ್ನ ಕಡೆಯವರು ಒಪ್ಪುವುದಿಲ್ಲ."

"ನನ್ನ ಕಡೆಯವರೂ ಒಪ್ಪುವುದಿಲ್ಲ. ಅಷ್ಟರ ಮಟ್ಟಿಗೆ ನಾವು ಈಗಲೇ ಒಂದಾದ್ವು."

ಪೈಗಳಿಗೆ ನಗು ಬಂತು, ತಡೆದುಕೊಂಡರು. ಆಮೇಲೆ ಕೇಳಿದರು, "ಆ ಹುಡುಗ ಈಗ ಎಲ್ಲಿದ್ದಾನೆ? ಅಣ್ಣ ತೀರಿಕೊಂಡವ."

"ಅಲ್ಲೇ ಡ್ಯೂಟಿಯಲ್ಲಿದ್ದಾನೆ. ಕಂಪನಿ ಬಸ್ಸು ನನ್ನ ಗ್ಯಾರೇಜಿನ ಎದುರಲ್ಲೇ ಹೋಗ್ತದೆ. ಕಿಟಕಿಯಿಂದ ನನಗೆ ನಮಸ್ಕಾರ ಮಾಡ್ತಾನೆ." ಶೆಟ್ಟರು ಚಾದ ಲೋಟ ತಿರುಗಿಸಿದರು. "ಬೈದಿದ್ರೆ ಪರವಾಗಿರಲಿಲ್ಲ. ನಮಸ್ಕಾರ ಮಾಡ್ತಾನೆ."

ಪೈಗಳು ಒಪ್ಪಿದ್ದು ಆಗಲೇ. ಆದರೆ ಒಪ್ಪಿದೆ ಎಂದು ಹೇಳಲು ಅವರಿಗೆ ಇನ್ನೂ ಅರ್ಧ ಗಂಟೆ ಹಿಡಿಯಿತು. ಪೋಸ್ಟರಿನಲ್ಲಿ ಇಬ್ಬರ ಫೋಟೊ ಒಂದೇ ಅಳತೆಯಲ್ಲಿರಬೇಕು ಎಂದರು. "ನಿಮ್ಮದು ದೊಡ್ಡದೇ ಹಾಕಿ, ನನ್ನ ಮುಖ ಎಲ್ಲರಿಗೂ ಗೊತ್ತುಂಟು" ಎಂದು ಶೆಟ್ಟರು ಉದಾರವಾಗಿ ಹೇಳಿದರು. "ಅಂದ್ರೆ ನನ್ನ ಮುಖ ಯಾರಿಗೂ ಗೊತ್ತಿಲ್ಲ ಅಂತಲಾ?" ಎಂದು ಪೈಗಳು ಎದ್ದರು. ಅವರನ್ನು ಮತ್ತೆ ಕೂರಿಸಲು ನನ್ನಲ್ಲಿದ್ದ ಕೋಡುಬಳೆಯೆಲ್ಲ ಖರ್ಚಾಯಿತು.

ಹೋಗುವಾಗ ಶೆಟ್ಟರನ್ನು ನಾನು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದೆ, "ಕರುಣಣ್ಣನಿಗೆ ಹೇಳಿದ್ದೀರಾ?"

"ಸಂಜೆ ಹೇಳ್ತೇನೆ. ಅದು ಮುಖ ನೋಡಿಯೇ ಹೇಳ್ಬೇಕಾದ ಮಾತು."

ಆ ಸಂಜೆ ಗ್ಯಾರೇಜಿಗೆ ಯಾವುದೋ ತುರ್ತು ಕೆಲಸ ಬಂತಂತೆ. ಮರುದಿನ ಕರುಣಾಕರನಿಗೆ ಶಿಫ್ಟ್ ಇತ್ತಂತೆ. ಅದರ ಮರುದಿನ ಶೆಟ್ಟರಿಗೆ ಮನಸ್ಸು ಗಟ್ಟಿಯಾಗಲಿಲ್ಲ ಎಂದು ನನ್ನ ಅಂದಾಜು. ಇಡೀ ಕ್ಯಾಂಪನ್ನು ಗದರಿಸಬಲ್ಲ ಮನುಷ್ಯನಿಗೆ ಆ ಒಬ್ಬನ ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಅತ್ತ, "ನಾನು ವೈಸಾ?" ಎಂದು ಮುಖ ಸಣ್ಣ ಮಾಡಿದ್ದ ಪೈಗಳಿಗೆ ಈಗ ಸಂಭ್ರಮ ತಡೆಯಲಾಗುತ್ತಿರಲಿಲ್ಲ. ಪೋಸ್ಟರ್ ತಯಾರಾದ ಕೂಡಲೇ, ಬಣ್ಣ ಹೇಗಿದೆ ಎಂದು ಕೇಳಲು, ತಮ್ಮ ಜೊತೆ ಬೆಳಗ್ಗೆ ವಾಕಿಂಗ್ ಹೋಗುವ ನಾಲ್ಕು ಜನರಿಗೆ ಕಳಿಸಿದರು. ಬಹರೈನ್ ಎಷ್ಟು ದೊಡ್ಡ ದೇಶ ಎಂದು ನಿನಗೆ ಗೊತ್ತಲ್ಲ. ಮಧ್ಯಾಹ್ನದೊಳಗೆ ಅದು ಸಿತ್ರಾ ತಲುಪಿತ್ತು.

ಕರುಣಾಕರ ಡ್ಯೂಟಿಯ ಬಟ್ಟೆಯಲ್ಲೇ ನನ್ನ ಆಫೀಸಿಗೆ ಬಂದ. ಫೋನ್ ಮುಂದೆ ಹಿಡಿದ. "ಅಕ್ಕ, ಇದು ನಿಜವಾ, ಇಲ್ಲ ಯಾರಾದ್ರೂ ತಮಾಷೆಗೆ ಮಾಡಿದ್ದಾ?"

"ನಿಜ ಕರುಣಣ್ಣ."

ಅವನು ಎರಡು ಬೆರಳಿನಿಂದ ಪೋಸ್ಟರನ್ನು ದೊಡ್ಡದು ಮಾಡಿ ನೋಡಿದ. "ಫೋಟೊ ಲಾಯ್ಕ್ ಬಂದಿದೆ," ಎಂದ. ಆಮೇಲೆ ಕೂತ. "ಪೈಗಳನ್ನು ತಗೊಂಡದ್ದು ಸರಿಯೇ. ನಾನಾದ್ರೂ ಅದನ್ನೇ ಮಾಡ್ತಿದ್ದೆ. ನನಗೊಂದು ಮಾತು ಹೇಳಿದ್ರೆ ನಾನೇ ಹೋಗಿ ಪೈಗಳನ್ನು ಕರ್ಕೊಂಡು ಬರ್ತಿದ್ದೆ." ನಾನು ಚಾ ತರಲು ಎದ್ದೆ. ತರುವಷ್ಟರಲ್ಲಿ ಹೋಗಿದ್ದ.

ಅವನು ಎದುರು ನಿಲ್ಲಲಿಲ್ಲ, ಯಾರಿಗೂ ಯಾರ ವಿರುದ್ಧವೂ ಹೇಳಲಿಲ್ಲ. ಸುಮ್ಮನಾದ. ಪ್ರತಿ ಚುನಾವಣೆಗೆ ಸಿತ್ರಾದಿಂದ ಹುಡುಗರನ್ನು ತುಂಬಿಕೊಂಡು ಬರುವ ಬಸ್ಸನ್ನು ಮಾಡುತ್ತಿದ್ದವನು ಅವನು. ಈ ಸಲ ಆ ಬಸ್ಸು ಬರಲಿಲ್ಲ. ಮತದಾನದ ದಿನ ಬೆಳಗ್ಗೆಯಿಂದ ಶೆಟ್ಟರು ಗೇಟಿನ ಹತ್ತಿರವೇ ನಿಂತಿದ್ದರು. ಮತ ಕೇಳುತ್ತಿದ್ದಾರೆ ಎಂದು ಜನ ತಿಳಿದರು. ಅವರು ರಸ್ತೆ ನೋಡುತ್ತಿದ್ದರು. ಮಧ್ಯಾಹ್ನ ಪೈಗಳು ಕೆಳಗೆ ಹೋಗಿ, "ಶೆಟ್ರೇ, ಒಳಗೆ ಬನ್ನಿ, ಬಿಸಿಲು," ಎಂದರು. ಶೆಟ್ಟರು ಬರಲಿಲ್ಲ. ಪೈಗಳು ಹಿಂದೆ ಬಂದು ನನ್ನ ಛತ್ರಿ ಕೇಳಿ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಹಿಡಿದು ನಿಂತರು. ಹೂವಿನ ಚಿತ್ರದ ಹೆಂಗಸರ ಛತ್ರಿ. ಆ ಪೋಸ್ಟರಿಗಿಂತ ಹೆಚ್ಚು ಮತ ತಂದದ್ದು ಆ ಛತ್ರಿಯೇ ಎಂದು ನನ್ನ ನಂಬಿಕೆ. ಪೈಗಳ ಕಡೆಯವರು ಅದನ್ನು ನೋಡಿ ನಕ್ಕರು, ನಕ್ಕವರು ಒಳಗೆ ಹೋಗಿ ಮತ ಹಾಕಿದರು. ಸಿತ್ರಾದ ಕೆಲವು ಹುಡುಗರು ಸಂಜೆ ತಾವೇ ಟ್ಯಾಕ್ಸಿ ಮಾಡಿಕೊಂಡು ಬಂದರು. ಆ ವೆಲ್ಡರನ ತಮ್ಮನೂ ಇದ್ದ. ಕರುಣಾಕರ ಬರಲಿಲ್ಲ. ಇಬ್ಬರೂ ಗೆದ್ದರು, ಬೆರಳಲ್ಲಿ ಎಣಿಸುವಷ್ಟು ಮತಗಳಿಂದ.

ಗೆದ್ದ ಮೇಲೆ ಒಗ್ಗಟ್ಟು ಎಂದರೆ ನಿನ್ನ ಕಣ್ಣ ಮುಂದೆ ಏನು ಬರುತ್ತದೋ ಗೊತ್ತಿಲ್ಲ. ನಾನು ನೋಡಿದ ಒಗ್ಗಟ್ಟು ದಿನಾ ಜಗಳವಾಡುತ್ತಿತ್ತು. ಶೆಟ್ಟರು ಬರೆದ ಪ್ರಕಟಣೆಗೆ ಪೈಗಳ ಕೆಂಪು ಪೆನ್ನು, ಪೈಗಳು ಮಾಡಿದ ಕಾರ್ಯಕ್ರಮ ಪಟ್ಟಿಗೆ ಶೆಟ್ಟರ ಗದ್ದಲ. ಆದರೆ ಜಗಳ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು, ಮುಗಿದ ಮೇಲೆ ಒಂದೇ ಕಾಗದ ಹೊರಗೆ ಬರುತ್ತಿತ್ತು. ದೀಪಾವಳಿ ಒಂದಾಯಿತು. ಒಬ್ಬ ಹುಡುಗ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಕಂಪನಿಗೆ ಹೋದದ್ದು ಒಂದೇ ಫೋನು. ಪೈಗಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಶೆಟ್ಟರು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಆ ಜಾಗದಲ್ಲಿ ನಿಂತು ತಲೆಯಾಡಿಸುವುದು ಅವರಿಗೆ ಹೊಸ ಅನುಭವ.

ಕರುಣಾಕರನ ವಿಷಯ ಎತ್ತಿದರೆ ಮಾತ್ರ ಶೆಟ್ಟರು ಮಾತು ಬದಲಿಸುತ್ತಿದ್ದರು. ಒಮ್ಮೆ ನಾನು ಬಿಡಲಿಲ್ಲ. "ಒಂದು ಸಲ ಹೋಗಿ ಬನ್ನಿ ಶೆಟ್ರೇ."

"ಹೋಗಿದ್ದೆ. ಕಾರ್ಖಾನೆಯ ಗೇಟಿನ ಹತ್ರ ನಿಂತಿದ್ದೆ. ಶಿಫ್ಟ್ ಬಿಟ್ಟು ಬಸ್ಸು ಹೊರಗೆ ಬಂತು. ಕಿಟಕಿಯಲ್ಲಿ ಇದ್ದ. ನೋಡಿದ, ಕೈ ಎತ್ತಿದ. ಬಸ್ಸು ಹೋಯ್ತು."

"ಮತ್ತೆ?"

"ಮತ್ತೆ ಎಂತ, ನಾನೂ ಕೈ ಎತ್ತಿದೆ."

ಶ್ವೇತಾ, ಇಂಥ ಸಮಯ ನಿನಗೂ ಬರುತ್ತದೆ. ಒಬ್ಬರಿಗೆ ಸ್ಥಾನ ಕೊಡುವಾಗ ಇನ್ನೊಬ್ಬರಿಗೆ ತಪ್ಪುತ್ತದೆ. ತಪ್ಪಿದವರ ಮನೆಗೆ ಮೊದಲು ಹೋಗಲು ಹೇಳು. ಅಧ್ಯಕ್ಷರು ನಾಳೆ ಎಂದರೆ ನೀನೇ ಅವರ ಕಾರಿನ ಬಾಗಿಲು ತೆರೆದು ಹಿಡಿ.

ಅವರ ಅವಧಿ ಮುಗಿಯಲು ಕೆಲವೇ ತಿಂಗಳಿದ್ದಾಗ ಕರುಣಾಕರ ಒಂದು ದಿನ ಆಫೀಸಿಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಆಮಂತ್ರಣಗಳ ಕಟ್ಟು. ಊರಿನಲ್ಲಿ ಮಗಳ ಮದುವೆ. ನನಗೊಂದು ಕೊಟ್ಟ. ಒಳಗಿದ್ದ ಪೈಗಳಿಗೊಂದು ಕೊಟ್ಟ. ಪೈಗಳ ಕೈ ಜೇಬಿಗೆ ಹೋಯಿತು, ಪೆನ್ನನ್ನು ಮುಟ್ಟಿತು, ಹಿಂದೆ ಬಂತು. "ಶುಭವಾಗ್ಲಿ ಕರುಣಾಕರ," ಎಂದಷ್ಟೇ ಹೇಳಿದರು. ಕಟ್ಟಿನ ಮೇಲೆ ಶೆಟ್ಟರ ಹೆಸರಿನದೂ ಕಂಡಿತು.

"ಅವರದ್ದು ಇಲ್ಲೇ ಬಿಟ್ಟು ಹೋಗು, ನಾನು ಕೊಡ್ತೇನೆ," ಎಂದೆ.

"ಬೇಡ ಅಕ್ಕ. ನಾನೇ ಮನೆಗೆ ಹೋಗಿ ಹೇಳ್ತೇನೆ. ಅವರಿಗೆಲ್ಲ ಹಾಗೆ ಕಳಿಸುದಲ್ಲ."

ಮರುದಿನ ಶೆಟ್ಟರು ಬಂದು ನನ್ನ ಮೇಜಿನ ಎದುರಿನ ಅದೇ ಕುರ್ಚಿಯಲ್ಲಿ ಕೂತರು.

"ಕರುಣಾಕರ ಬಂದಿದ್ದ."

"ಎಂತ ಹೇಳಿದ?"

"ಮಗಳ ಮದುವೆ, ಬರ್ಬೇಕು ಅಂದ. ನಾನು ಆ ಹಳೇ ವಿಷಯ ತೆಗೀಲಿಕ್ಕೆ ನೋಡಿದೆ. 'ಊಟ ಬಡಿಸ್ಲಿಕ್ಕೆ ಹೇಳಿ ಶೆಟ್ರೇ, ಹಸಿವಾಗ್ತದೆ' ಅಂದ. ಕೂತು ಉಂಡ."

ನಾನು ಆಮಂತ್ರಣ ತೆಗೆದು ತಾರೀಕು ನೋಡಿದೆ. ಅವತ್ತೇ ಸಂಘದ ವಾರ್ಷಿಕೋತ್ಸವ, ಅವರ ಅವಧಿಯ ಕೊನೆಯದು. ಅಧ್ಯಕ್ಷರು ಎರಡು ವರ್ಷದಿಂದ ಕಾಯುವ ದಿನ. ಸನ್ಮಾನ, ಭಾಷಣ, ಫೋಟೊ ಎಲ್ಲ ಇರುವುದು ಅವತ್ತೇ. "ಶೆಟ್ರೇ, ಅವತ್ತು ನೀವು ಇಲ್ಲಿ ಇರ್ಬೇಕಲ್ಲ?"

"ಪೈಗಳಿದ್ದಾರಲ್ಲ. ಭಾಷಣ ಅವರು ಮಾಡ್ಲಿ. ನನಗಿಂತ ಲಾಯ್ಕ್ ಮಾಡ್ತಾರೆ, ಆದ್ರೆ ಹಾಗಂತ ಅವರಿಗೆ ಹೇಳ್ಬೇಡಿ." ಫೋನ್ ತೆಗೆದು ಟಿಕೇಟು ತೋರಿಸಿದರು. ಮದುವೆಗೆ ಒಂದು ವಾರ ಮೊದಲೇ ಹೊರಡುವುದು.

"ಇಷ್ಟು ಬೇಗ ಹೋಗಿ ಎಂತ ಮಾಡ್ತೀರಿ?"

"ಮದುವೆ ಮನೆಯಲ್ಲಿ ಕೆಲಸ ಇರ್ತದಲ್ಲ ಸುಮತಿ," ಎಂದು ಅವರು ಎದ್ದರು. "ಅವ ಒಬ್ಬನೇ ಎಷ್ಟೂಂತ ಓಡಾಡ್ತಾನೆ?"